ತೆಂಗಿನ ಸೀಮೆಯ ಗುಡಿ, ಕೋಟೆ, ಕೆರೆ



ದಟ್ಟವಾದ ಕಾಡಿನ ಮೇಲಕ್ಕೆ ತಲೆಯೆತ್ತಿ ನಿಂತ ಕಲ್ಲಿನ ಪಿರಮಿಡ್ಡುಗಳನ್ನು ನೀವು ಟೆಲಿವಿಷನ್ ಪರದೆಯ ಮೇಲೆ ನೋಡಿಯೇ ಇರುತ್ತೀರಿ. ಅವು ಮಧ್ಯ ಅಮೆರಿಕದ ಮಾಯಾ ಜನರು ಕಟ್ಟಿದ ನಗರಗಳ ಅವಶೇಷಗಳು. ಗ್ವಾಟೆಮಾಲ ದೇಶಕ್ಕೆ ಹೋದವರು ಒಂದೇ ಪ್ರವಾಸದಲ್ಲಿ ಮೂರು ಬಗೆಯ ನೋಟಗಳನ್ನು ಕಂಡು ಬರುತ್ತಾರೆ. ಒಂದು, ಟಿಕಾಲ್‌ನಂಥ ಪಾಳುಬಿದ್ದ ಮಾಯಾ ನಗರ. ಎರಡು, ಕಡಲುಗಳ್ಳರನ್ನು ತಡೆಯಲು ಸ್ಪೇನಿನವರು 17ನೆಯ ಶತಮಾನದಲ್ಲಿ ಇಸಬಾಲ್ ಸರೋವರದ ಬಾಯಿಯಲ್ಲಿ ಕಟ್ಟಿದ ಸ್ಯಾನ್ ಫೆಲಿಪೆ ಕೋಟೆ. ಮೂರು, ಇವನ್ನು ಸುತ್ತುವರಿದಿರುವ ಮಳೆಕಾಡು, ನದಿ, ಸರೋವರಗಳು.

ಹಳೆಯ ಗುಡಿ, ಕೋಟೆ, ಪ್ರಕೃತಿ ಈ ಮೂರನ್ನೂ ಒಟ್ಟಿಗೆ ನೋಡಲು ನಾವು ಸಮುದ್ರ ದಾಟಿ ಹೋಗಬೇಕಾಗಿಲ್ಲ. ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಎರಡು ದಿನ ಸುತ್ತಿದರೆ ಸಾಕು. ಬೆಂಗಳೂರಿನಿಂದ ಅರಸೀಕೆರೆಯತ್ತ ಹೋಗುವ ರೈಲಿನ ಕಿಟಕಿಯಿಂದ ಈ ಸೀಮೆಯನ್ನು ನೋಡಿದವರಿಗೆ ನೆನಪಿನಲ್ಲಿ ಉಳಿಯುವುದು ತೆಂಗಿನ ತೋಟಗಳ ಸಾಲು ಮಾತ್ರ. ಆ ತೋಟಗಳ ನಡುವೆ ಗಂಗರ, ನೊಳಂಬರ, ಹೊಯ್ಸಳರ ಗುಡಿಗಳಿವೆ. ಪಾಳೆಯಗಾರರ ಮಣ್ಣಿನ ಕೋಟೆಗಳ ಗುರುತುಗಳಿವೆ. ಕೋಟಿಗಟ್ಟಲೆ ವರ್ಷ ಹಳೆಯ ಬೆಟ್ಟಗಳಿವೆ. ಇವೆಲ್ಲವನ್ನೂ ಒಂದು ದಾರದಲ್ಲಿ ಪೋಣಿಸುವ ವಸ್ತು ಒಂದಿದೆ. ಅದು ನೀರು. ಚರಿತ್ರೆಯನ್ನು ನೀರಿನ ಕಡೆಯಿಂದ ಓದಿದರೆ ಏನು ಕಾಣುತ್ತದೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ನದಿಯಿಲ್ಲದ ನಗರ

ಮೊದಲು ಟಿಕಾಲ್ ನಗರದ ಕಥೆಯನ್ನು ಸ್ವಲ್ಪ ತಿಳಿಯೋಣ. ನಮ್ಮ ಸೀಮೆಯ ವಿಶೇಷ ಅದರಿಂದ ಚೆನ್ನಾಗಿ ಅರ್ಥವಾಗುತ್ತದೆ.

ಟಿಕಾಲ್ ಸಾವಿರಾರು ಜನರಿದ್ದ ದೊಡ್ಡ ನಗರ. ಆದರೆ ಅದರ ಬಳಿ ಹರಿಯುವ ನದಿಯೇ ಇರಲಿಲ್ಲ. ನೆಲವೆಲ್ಲ ಸುಣ್ಣಕಲ್ಲು, ಬಿದ್ದ ಮಳೆ ಇಂಗಿಹೋಗುತ್ತಿತ್ತು. ಮಾಯಾ ಜನರು ತಮ್ಮ ಅಂಗಳಗಳಿಗೆ ಗಾರೆ ಬಳಿದು, ಇಳಿಜಾರು ಮಾಡಿ, ಮಳೆಯ ನೀರೆಲ್ಲ ಹರಿದು ಬಂದು ಕಟ್ಟೆಗಳ ಹಿಂದೆ ನಿಲ್ಲುವಂತೆ ಮಾಡಿದರು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಅವರು ಕೆರೆ ಕಟ್ಟಿದರು. ಆ ಕೆರೆಗಳ ಬಲದಿಂದಲೇ ನಗರ ಬೆಳೆಯಿತು.

ಟಿಕಾಲ್‌ನಲ್ಲಿ ದೊರೆತ, ತೇದಿ ಕೊರೆದ ಕೊನೆಯ ಕಲ್ಲು ಕ್ರಿ.ಶ. 869ರದು. ಆಮೇಲೆ ನಗರ ಮೌನವಾಯಿತು. ಸುತ್ತಲಿನ ಎಷ್ಟೋ ಮಾಯಾ ನಗರಗಳೂ ಅದೇ ಕಾಲದಲ್ಲಿ ಬರಿದಾದವು. ಇದಕ್ಕೆ ಕಾರಣ ಒಂದೇ ಅಲ್ಲ. ಅರಸರ ನಡುವಿನ ಯುದ್ಧಗಳೂ ಇದ್ದವು. ಆದರೆ ಮೆಕ್ಸಿಕೋದ ಚಿಚಂಕನಾಬ್ ಸರೋವರದ ತಳದ ಹೂಳನ್ನು ಪರೀಕ್ಷಿಸಿದ ವಿಜ್ಞಾನಿಗಳು 1995ರಲ್ಲಿ ಒಂದು ಮುಖ್ಯ ವಿಷಯವನ್ನು ಪ್ರಕಟಿಸಿದರು. ಸರೋವರ ಬತ್ತಿದಾಗ ಜಿಪ್ಸಂ ಎಂಬ ಲವಣ ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ. ಕ್ರಿ.ಶ. 800ರಿಂದ 1000ದವರೆಗಿನ ಪದರಗಳಲ್ಲಿ ಅದು ಹೆಚ್ಚಾಗಿತ್ತು. ಎಂದರೆ ಆಗ ತೀವ್ರ ಬರ ಬಿದ್ದಿತ್ತು. 2020ರಲ್ಲಿ ಪ್ರಕಟವಾದ ಇನ್ನೊಂದು ಸಂಶೋಧನೆ ಟಿಕಾಲ್‌ನ ಕೆರೆಗಳ ಹೂಳಿನಲ್ಲಿ ಪಾದರಸವನ್ನೂ ವಿಷಕಾರಿ ಪಾಚಿಯ ಗುರುತನ್ನೂ ಕಂಡಿತು. ಗುಡಿ, ಅರಮನೆಗಳಿಗೆ ಬಳಿದ ಇಂಗಳೀಕದ ಕೆಂಪು ಬಣ್ಣ ಮಳೆಯಲ್ಲಿ ತೊಳೆದು ಕುಡಿಯುವ ನೀರಿಗೆ ಸೇರಿತ್ತು! ಬರದ ಕಾಲದಲ್ಲಿ ಉಳಿದಿದ್ದ ನೀರೂ ಕುಡಿಯಲು ಬಾರದಂತಾಗಿತ್ತು.

ಒಂದು ಮಾತನ್ನು ಮರೆಯಬಾರದು. ನಗರಗಳು ಬರಿದಾದವೇ ಹೊರತು ಮಾಯಾ ಜನ ಅಳಿಯಲಿಲ್ಲ. ಅವರ ಕೊನೆಯ ಸ್ವತಂತ್ರ ರಾಜ್ಯ ಸ್ಪೇನಿನವರ ಕೈಗೆ ಬಿದ್ದದ್ದು 1697ರಲ್ಲಿ. ಇಂದಿಗೂ ಲಕ್ಷಾಂತರ ಜನ ಮಾಯಾ ಭಾಷೆಗಳನ್ನು ಆಡುತ್ತಾರೆ.

ಈಗ ನಮ್ಮ ಸೀಮೆಗೆ ಬನ್ನಿ. ಟಿಕಾಲ್ ಮೌನವಾದ ಅದೇ 9ನೆಯ ಶತಮಾನದ ಕೊನೆಯ ಭಾಗದಲ್ಲಿ, ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ ಕಲ್ಲೇಶ್ವರನ ಗುಡಿ ಏಳುತ್ತಿತ್ತು. ಆ ಊರು ಇಂದಿಗೂ ಜನರಿಂದ ತುಂಬಿದೆ. ಗುಡಿಯ ಸುತ್ತ ಮನೆಗಳಿವೆ, ತೋಟಗಳಿವೆ. ಒಂದು ಕಡೆ ನಗರ ಬರಿದಾಯಿತು. ಇನ್ನೊಂದು ಕಡೆ ಊರು ಉಳಿಯಿತು. ಇದು ಹೇಗೆ?

ಮಳೆ ಕಡಿಮೆ, ತೆಂಗು ಹೆಚ್ಚು

ತೆಂಗು ಎಂದೊಡನೆ ನಮಗೆ ಕರಾವಳಿ ನೆನಪಾಗುತ್ತದೆ. ಸಮುದ್ರದ ಗಾಳಿ, ಮರಳುನೆಲ, ಧಾರಾಕಾರ ಮಳೆ ತೆಂಗಿಗೆ ಹಿತ. ತಿಪಟೂರಿನ ಸೀಮೆಯಲ್ಲಿ ಇವು ಯಾವುವೂ ಇಲ್ಲ. ಇದು ಸಮುದ್ರಮಟ್ಟಕ್ಕಿಂತ 800 ಮೀಟರಿಗೂ ಎತ್ತರದ ಬಯಲುಸೀಮೆ. ವರ್ಷಕ್ಕೆ ಬೀಳುವ ಮಳೆ ಸುಮಾರು 600ರಿಂದ 700 ಮಿಲಿಮೀಟರ್. ಇಷ್ಟು ಮಳೆಯಲ್ಲಿ ರಾಗಿ, ಜೋಳ ಬೆಳೆಯಬಹುದು. ತೆಂಗಿನ ಮರಕ್ಕೆ ಅಷ್ಟು ಸಾಲದು. ಆದರೂ ಈ ಸೀಮೆಗೆ ಕಲ್ಪತರು ನಾಡು ಎಂಬ ಹೆಸರು ಬಂದಿದೆ. ಇಲ್ಲಿನ ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಒಣಗಲು ಬಿಟ್ಟು ಮಾಡುವ ಉಂಡೆಕೊಬ್ಬರಿ ದೇಶಕ್ಕೆಲ್ಲ ಹೆಸರಾಗಿದೆ.

ಗುಟ್ಟು ಊರುಗಳ ಹೆಸರಿನಲ್ಲೇ ಇದೆ. ತುರುವೇಕೆರೆ, ನೊಣವಿನಕೆರೆ, ಶೆಟ್ಟಿಕೆರೆ, ಕಂದಿಕೆರೆ. ನಕ್ಷೆಯನ್ನು ತೆಗೆದು 'ಕೆರೆ' ಎಂದು ಮುಗಿಯುವ ಊರುಗಳನ್ನು ಲೆಕ್ಕ ಹಾಕಿ ನೋಡಿ. ನೆಲ ಸ್ವಲ್ಪ ತಗ್ಗಾದ ಕಡೆಯಲ್ಲೆಲ್ಲ ಏರಿ ಹಾಕಿ ಮಳೆನೀರನ್ನು ಹಿಡಿದಿದ್ದಾರೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ ಹೋಗುತ್ತದೆ. ಕೆರೆಯ ನೀರು ತೂಬಿನ ಮೂಲಕ ಗದ್ದೆಗೆ ಹರಿಯುವುದು ನಮಗೆ ಕಾಣುತ್ತದೆ. ಕಾಣದಂತೆ ಇನ್ನೊಂದು ಕೆಲಸವೂ ನಡೆಯುತ್ತದೆ: ನೀರು ನೆಲಕ್ಕೆ ಇಂಗಿ, ಏರಿಯ ಕೆಳಗಿನ ಬಾವಿಗಳಲ್ಲಿ ಮೇಲೇಳುತ್ತದೆ, ತೋಟದ ಮಣ್ಣನ್ನು ತಂಪಾಗಿಡುತ್ತದೆ. ಕೆರೆಯ ಹಿಂದೆ ತೋಟ ದಟ್ಟವಾಗಿರುವುದು ಇದರಿಂದಲೇ. ಕರಾವಳಿಯ ತೆಂಗು ಮಳೆಯ ಕೊಡುಗೆಯಾದರೆ, ಈ ಸೀಮೆಯ ತೆಂಗು ಕೆರೆಯ ಕೊಡುಗೆ.

ಹೆಸರುಗಳಲ್ಲಿ ಚರಿತ್ರೆಯೂ ಇದೆ. 'ತುರು' ಎಂದರೆ ಹಳಗನ್ನಡದಲ್ಲಿ ಹಸು. ತುರುಗೊಳ್ ಎಂದರೆ ದನಗಳ ಸೂರೆ. ವೀರಗಲ್ಲುಗಳಲ್ಲಿ ನೀವು ನೋಡುವ ಎಷ್ಟೋ ಹೋರಾಟಗಳು ಊರಿನ ದನಗಳನ್ನು ಉಳಿಸಲು ನಡೆದವು. ಇನ್ನು 'ನೊಣಬ' ಎಂಬುದು 'ನೊಳಂಬ' ಎಂಬ ರಾಜಮನೆತನದ ಹೆಸರಿನಿಂದ ಬಂದ ಮಾತು. ಆ ಅರಸರು ಹೋಗಿ ಸಾವಿರ ವರ್ಷ ಕಳೆದರೂ ಹೆಸರು ಜನರ ನಾಲಗೆಯ ಮೇಲೆ ಉಳಿದಿದೆ.

ಅರಳಗುಪ್ಪೆಯ ಎರಡು ಗುಡಿಗಳು

ಬಾಣಸಂದ್ರ ರೈಲು ನಿಲ್ದಾಣಕ್ಕೆ ಹತ್ತಿರದ ಅರಳಗುಪ್ಪೆ ಚಿಕ್ಕ ಹಳ್ಳಿ. ಅಲ್ಲಿ ನಾಲ್ಕು ಶತಮಾನಗಳ ಅಂತರದ ಎರಡು ಗುಡಿಗಳಿವೆ. ಶಿಲ್ಪಕಲೆ ಹೇಗೆ ಬದಲಾಯಿತು ಎಂಬುದನ್ನು ತಿಳಿಯಲು ಇಷ್ಟು ಅನುಕೂಲವಾದ ಊರು ವಿರಳ.

ಕಲ್ಲೇಶ್ವರ ಗುಡಿ ಗಂಗರ ಮತ್ತು ಅವರ ಸಾಮಂತರಾಗಿದ್ದ ನೊಳಂಬರ ಕಾಲದ್ದು. ಹೊರಗಿನಿಂದ ನೋಡಿದರೆ ಆಡಂಬರವಿಲ್ಲ. ಒಳಗೆ ಹೋಗಿ ತಲೆಯೆತ್ತಿ ಮೇಲ್ಛಾವಣಿಯನ್ನು ನೋಡಬೇಕು. ನಡುವಿನ ಚೌಕದಲ್ಲಿ ಕುಣಿಯುತ್ತಿರುವ ಶಿವ, ಸುತ್ತಲಿನ ಎಂಟು ಚೌಕಗಳಲ್ಲಿ ಎಂಟು ದಿಕ್ಕುಗಳ ಒಡೆಯರು. ಇವರನ್ನು ಗುರುತಿಸುವುದು ಕಷ್ಟವಲ್ಲ. ವಾಹನವನ್ನು ನೋಡಿದರೆ ಸಾಕು. ಆನೆಯ ಮೇಲೆ ಇರುವವನು ಇಂದ್ರ, ಟಗರಿನ ಮೇಲೆ ಅಗ್ನಿ, ಕೋಣದ ಮೇಲೆ ಯಮ, ಮಕರದ ಮೇಲೆ ವರುಣ. ಕೈಯಲ್ಲೊಂದು ದಿಕ್ಸೂಚಿ ಇಟ್ಟುಕೊಂಡು ನಿಂತರೆ ಈ ಛಾವಣಿಯೂ ಒಂದು ದಿಕ್ಸೂಚಿಯೇ ಎಂಬುದು ಹೊಳೆಯುತ್ತದೆ. ಪೂರ್ವಕ್ಕೆ ಇಂದ್ರ, ದಕ್ಷಿಣಕ್ಕೆ ಯಮ, ಪಶ್ಚಿಮಕ್ಕೆ ನೀರಿನ ಒಡೆಯನಾದ ವರುಣ.

ಇಂಥ ಛಾವಣಿಗಳನ್ನು ನೋಡುವಾಗ ಒಳಗಿನ ಕತ್ತಲೆ ಅಡ್ಡಿಯಾಗುತ್ತದೆ. ಚಿತ್ರೀಕರಣಕ್ಕೆ ಹೋದಾಗ ಕ್ಯಾಮೆರಾದವರು ಒಂದು ಹಳೆಯ ಉಪಾಯ ಮಾಡುತ್ತೇವೆ. ಬಾಗಿಲ ಹೊರಗೆ ಬಿಸಿಲಿನಲ್ಲಿ ಒಬ್ಬರು ಕನ್ನಡಿ ಹಿಡಿದು ಬೆಳಕನ್ನು ಒಳಗೆ ಕಳಿಸುತ್ತಾರೆ. ಒಳಗಿರುವವರು ಬಿಳಿಯ ಬಟ್ಟೆಯ ಮೇಲೆ ಆ ಬೆಳಕನ್ನು ಹಿಡಿದು ಮೇಲಕ್ಕೆ ಚೆಲ್ಲುತ್ತಾರೆ. ಓರೆಯಾಗಿ ಬಿದ್ದ ಆ ಬೆಳಕಿನಲ್ಲಿ ಶಿವನ ಬೆರಳುಗಳೂ ಒಡವೆಗಳೂ ಎದ್ದು ಬರುತ್ತವೆ. ಬೆಳಕಿನ ಪ್ರತಿಫಲನದ ಪಾಠವನ್ನು ನೀವು ಶಾಲೆಯಲ್ಲಿ ಓದಿದ್ದೀರಲ್ಲವೇ? ಇಲ್ಲಿ ಮಾಡಿ ನೋಡಿ. ಪೂಜೆಯ ಹೊತ್ತಲ್ಲದಾಗ, ಅರ್ಚಕರ ಒಪ್ಪಿಗೆ ಪಡೆದು ಮಾಡಬೇಕು, ಅಷ್ಟೇ.

ಎರಡನೆಯದು ಚೆನ್ನಕೇಶವ ಗುಡಿ. ಇದು 13ನೆಯ ಶತಮಾನದ ಹೊಯ್ಸಳರ ಕೆಲಸ. ಎತ್ತರದ ಜಗತಿಯ ಮೇಲೆ ನಕ್ಷತ್ರದ ಆಕಾರದಲ್ಲಿ ನಿಂತಿದೆ. ಗರ್ಭಗುಡಿಗೆ 16 ಮೂಲೆಗಳು. ಒಂದು ಚೌಕವನ್ನು ಅದರ ನಡುಬಿಂದುವಿನ ಸುತ್ತ ಸಮವಾಗಿ ತಿರುಗಿಸುತ್ತ ಮತ್ತೆ ಮತ್ತೆ ಗೆರೆ ಎಳೆದರೆ ಇಂಥ ನಕ್ಷತ್ರ ಮೂಡುತ್ತದೆ. ನಾಲ್ಕು ಚೌಕಗಳನ್ನು ಹೀಗೆ ಹೊಂದಿಸಿದರೆ 16 ಮೂಲೆಗಳು ಬರುತ್ತವೆ. ನಿಮ್ಮ ನೋಟುಪುಸ್ತಕದಲ್ಲಿ ಅಳತೆಪಟ್ಟಿ, ಕೋನಮಾಪಕ ಹಿಡಿದು ಬರೆದು ನೋಡಿ. ಗೋಡೆಯ ಮೇಲಿನ ಕೆಲವು ವಿಗ್ರಹಗಳ ಕೆಳಗೆ 'ಹೊನೋಜ' ಎಂಬ ಶಿಲ್ಪಿಯ ಹೆಸರಿದೆ. ಜಗತ್ತಿನ ಎಷ್ಟೋ ಕಡೆ ಹಳೆಯ ಶಿಲ್ಪಿಗಳು ಹೆಸರಿಲ್ಲದೆ ಹೋದರು. ನಮ್ಮ ಹೊಯ್ಸಳ ಶಿಲ್ಪಿಗಳು ತಮ್ಮ ಕೆಲಸಕ್ಕೆ ರುಜು ಹಾಕಿದರು. ಇದು ಕನ್ನಡ ನಾಡಿನ ಹೆಮ್ಮೆಯ ಸಂಗತಿ.

ಇಷ್ಟು ಸೂಕ್ಷ್ಮವಾದ ಕೆತ್ತನೆ ಹೇಗೆ ಸಾಧ್ಯವಾಯಿತು? ಕಾರಣ ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಅದು ಮೆದುವಾಗಿರುತ್ತದೆ. ಉಳಿಯ ಮಾತನ್ನು ಕೇಳುತ್ತದೆ. ಗಾಳಿಗೆ ಒಡ್ಡಿದ ಮೇಲೆ ಕ್ರಮೇಣ ಗಟ್ಟಿಯಾಗುತ್ತದೆ. ಚಾಲುಕ್ಯ, ಹೊಯ್ಸಳರ ಕುಸುರಿ ಕೆಲಸಕ್ಕೆ ಈ ಕಲ್ಲಿನ ಗುಣವೂ ಅರ್ಧ ಕಾರಣ.

ಮೂವರು ಅಣ್ಣತಮ್ಮಂದಿರ ಗುಡಿ

ನೊಣವಿನಕೆರೆಯ ಸಮೀಪದ ವಿಘ್ನಸಂತೆಯಲ್ಲಿ ಲಕ್ಷ್ಮೀನರಸಿಂಹ ಗುಡಿ ಇದೆ. ಹೊಯ್ಸಳ ಮೂರನೆಯ ನರಸಿಂಹನ ಕಾಲದಲ್ಲಿ, 1286ರಲ್ಲಿ, ಅಪ್ಪಯ್ಯ, ಗೋಪಾಲ, ಮಾಧವ ಎಂಬ ಮೂವರು ದಂಡನಾಯಕರು ಇದನ್ನು ಕಟ್ಟಿಸಿದರು. ಮೂವರೂ ಒಡಹುಟ್ಟಿದವರು. ಗುಡಿಯೂ ಮೂರು ಗರ್ಭಗುಡಿಗಳ ತ್ರಿಕೂಟ. ಬೇಲೂರಿನ ಚೆನ್ನಕೇಶವನ ಗುಡಿಯನ್ನು ಅರಸ ವಿಷ್ಣುವರ್ಧನ ಕಟ್ಟಿಸಿದ. ಇಂಥ ಹಳ್ಳಿಗಳ ಗುಡಿಗಳನ್ನು ಕಟ್ಟಿಸಿದವರು ಅಧಿಕಾರಿಗಳು, ವರ್ತಕರು, ಊರ ಗೌಡರು. ಅದಕ್ಕೆ ಬೇಕಾದ ಹಣ ಭೂಮಿಯಿಂದ, ಎಂದರೆ ಕೆರೆಯ ಕೆಳಗಿನ ಅಚ್ಚುಕಟ್ಟಿನಿಂದ ಹುಟ್ಟಬೇಕಾಗಿತ್ತು.

ತುರುವೇಕೆರೆ ಪಟ್ಟಣದಲ್ಲಿ ಮೂಲೆ ಶಂಕರೇಶ್ವರ, ಚೆನ್ನಿಗರಾಯ ಗುಡಿಗಳು ಹೊಯ್ಸಳ ಶೈಲಿಯವು. ಅಲ್ಲಿನ ಗಂಗಾಧರೇಶ್ವರ ಗುಡಿಯಲ್ಲಿ ದೊಡ್ಡದೊಂದು ಕರಿಕಲ್ಲಿನ ಬಸವ ಇದೆ. ಈಗ ತಾನೇ ಎಣ್ಣೆ ಹಚ್ಚಿದಂತೆ ಹೊಳೆಯುತ್ತದೆ. ಇದು ಬಳಪದ ಕಲ್ಲಲ್ಲ. ಸಣ್ಣ ಹರಳಿನ, ಬಹಳ ಗಟ್ಟಿಯಾದ ಕಪ್ಪು ಶಿಲೆ. ಕೆತ್ತುವುದು ಕಷ್ಟ, ಆದರೆ ಉಜ್ಜಿದರೆ ಕನ್ನಡಿಯಂಥ ನಯ ಬರುತ್ತದೆ. ಶ್ರೀರಂಗಪಟ್ಟಣದ ಗುಂಬಜಿಗೆ ಹೋದವರು ಅದರ ಸುತ್ತಿನ ಕಪ್ಪು ಕಂಬಗಳನ್ನು ನೋಡಿರುತ್ತಾರೆ. ಆ ಕಲ್ಲು ತುರುವೇಕೆರೆಯ ಬಳಿಯ ಗಣಿಯದೇ. ಶಿವನ ಗುಡಿಯ ಬಸವನೂ ಹೈದರಾಲಿಯ ಸಮಾಧಿಯ ಕಂಬಗಳೂ ಒಂದೇ ಸೀಮೆಯ ಕಲ್ಲಿನಿಂದ ಬಂದವು.

ತುರುವೇಕೆರೆ ತಾಲ್ಲೂಕಿನ ನಾಗಲಾಪುರದಲ್ಲಿ ಕೇದಾರೇಶ್ವರ, ಚೆನ್ನಕೇಶವ ಎಂಬ ಎರಡು ಹೊಯ್ಸಳ ಗುಡಿಗಳಿವೆ. ಗೋಪುರಗಳಿಲ್ಲ, ಕೆಲವು ಭಾಗ ಶಿಥಿಲವಾಗಿದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಸಂತೋಷದ ಸಂಗತಿ. ಆದರೆ ಪಟ್ಟಿಗೆ ಸೇರದ ಇಂಥ ಗುಡಿಗಳು ನಾಡಿನ ತುಂಬ ಇವೆ. ಅವುಗಳಿಗೆ ಕಾವಲುಗಾರರು ಯಾರು? ಆಯಾ ಊರಿನವರೇ, ನಿಮ್ಮಂಥ ವಿದ್ಯಾರ್ಥಿಗಳೇ.

1800ರಲ್ಲಿ ಬಂದ ಪ್ರವಾಸಿ

ಗುಡಿಗಳಿಂದ ಕೋಟೆಗಳ ಕಡೆಗೆ ಹೊರಳೋಣ. ಇಲ್ಲಿ ನಮಗೆ ದಾರಿ ತೋರಿಸಲು ಒಬ್ಬ ವಿದೇಶಿಯನಿದ್ದಾನೆ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದು ಶ್ರೀರಂಗಪಟ್ಟಣ ಇಂಗ್ಲಿಷರ ವಶವಾಯಿತು. ಗೆದ್ದ ನಾಡಿನಲ್ಲಿ ಏನು ಬೆಳೆಯುತ್ತದೆ, ಜನ ಹೇಗೆ ಬದುಕುತ್ತಾರೆ ಎಂದು ತಿಳಿಯಲು ಗವರ್ನರ್ ಜನರಲ್ ವೆಲ್ಲೆಸ್ಲಿ ಮರುವರ್ಷವೇ ಫ್ರಾನ್ಸಿಸ್ ಬುಕನನ್ ಎಂಬ ಸ್ಕಾಟ್ಲೆಂಡಿನ ವೈದ್ಯನನ್ನು ಕಳಿಸಿದ. ಬುಕನನ್ ಸಸ್ಯಶಾಸ್ತ್ರವನ್ನೂ ಬಲ್ಲವನು. ಅವನು ತುಮಕೂರು, ಗುಬ್ಬಿ, ಮೂಗನಾಯಕನಕೋಟೆ, ಚಿಕ್ಕನಾಯಕನಹಳ್ಳಿ, ಅರಳಗುಪ್ಪೆ, ತುರುವೇಕೆರೆಗಳ ಮೂಲಕ ಹಾದುಹೋದ. ಅವನ ಪ್ರವಾಸದ ದಿನಚರಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು.

ಅವನಿಗೆ ಇಲ್ಲಿನ ತೆಂಗಿನ ತೋಟಗಳು ಬಹಳ ಹಿಡಿಸಿದವು. ಕಾಯಿಗಳನ್ನು ಬಣ್ಣದ ಮೇಲೆ ಬೇರೆ ಬೇರೆ ಜಾತಿಗಳಾಗಿ ವಿಂಗಡಿಸಿ, ಸಸಿ ನೆಡುವ ಮತ್ತು ನೀರು ಹಾಯಿಸುವ ಕ್ರಮವನ್ನು ರೈತರಿಂದ ಕೇಳಿ ಬರೆದುಕೊಂಡ. ಎಂದರೆ 200 ವರ್ಷಗಳಿಗೂ ಹಿಂದೆಯೇ ಈ ಸೀಮೆ ತೆಂಗಿನ ಸೀಮೆಯಾಗಿತ್ತು. ಅವನು ಕೇಳಿದ್ದು ಕಂಪನಿಯ ಸರ್ಕಾರದ ಲಾಭಕ್ಕಾಗಿ ಎಂಬುದು ನಿಜ. ಆದರೂ ರೈತರ ಮಾತು ಬರಹದಲ್ಲಿ ಉಳಿದದ್ದು ನಮಗೆ ಲಾಭ.

ಮಣ್ಣಿನ ಕೋಟೆಗಳು

ವಿಜಯನಗರದ ಕಾಲದಿಂದ ಮುಂದೆ ಈ ಸೀಮೆ ಹಾಗಲವಾಡಿಯ ಪಾಳೆಯಗಾರರ ಕೈಯಲ್ಲಿತ್ತು. ಆ ಮನೆತನದ ಚಿಕ್ಕನಾಯಕನ ಹೆಸರಿನಿಂದಲೇ ಚಿಕ್ಕನಾಯಕನಹಳ್ಳಿ ಎಂಬ ಹೆಸರು ಬಂತು. ಮುಂದೆ ಮೈಸೂರು ಅರಸರು, ಆಮೇಲೆ ಹೈದರಾಲಿ ಬಲಗೊಂಡಂತೆ ಪಾಳೆಯಪಟ್ಟು ಮುಗಿಯಿತು.

ಬುಕನನ್ ಬಂದಾಗ ಚಿಕ್ಕನಾಯಕನಹಳ್ಳಿಗೆ ಮಣ್ಣು ಕಲ್ಲುಗಳ ಹೊರಕೋಟೆ, ಅದರೊಳಗೆ ಚಚ್ಚೌಕದ ಒಳಕೋಟೆ ಇದ್ದವು. ಮಣ್ಣಿನ ಕೋಟೆ ಎಂದರೆ ಕೀಳಾಗಿ ಕಾಣಬೇಡಿ. ಕಲ್ಲಿನ ಗೋಡೆಗೆ ಗುಂಡು ಬಿದ್ದರೆ ಬಿರುಕು ಬಿಡುತ್ತದೆ, ಚೂರುಗಳು ಸಿಡಿಯುತ್ತವೆ. ದಪ್ಪನೆಯ ಮಣ್ಣಿನ ಗೋಡೆ ಗುಂಡನ್ನು ನುಂಗಿಕೊಳ್ಳುತ್ತದೆ. ಗೋಡೆಗೆಂದು ಮಣ್ಣು ತೆಗೆದ ಜಾಗವೇ ಕಂದಕವಾಗುತ್ತದೆ. ಮುರಿದರೆ ಊರಿನವರೇ ರಿಪೇರಿ ಮಾಡಬಹುದು. ಅದರ ಶತ್ರು ಒಂದೇ, ಮಳೆ. ವರ್ಷವರ್ಷ ಮೆತ್ತದಿದ್ದರೆ ಕೋಟೆ ಕರಗಿಹೋಗುತ್ತದೆ. ಗುಡಿಗಳು ಉಳಿದು ಕೋಟೆಗಳು ಅಳಿದದ್ದಕ್ಕೆ ಇದೇ ಕಾರಣ. ಕಾವಲು ಬೇಡವಾದ ದಿನದಿಂದ ಅವಕ್ಕೆ ಮಣ್ಣು ಮೆತ್ತುವವರಿರಲಿಲ್ಲ.

ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ, 1791ರಲ್ಲಿ, ಕಾರ್ನ್‌ವಾಲಿಸನನ್ನು ಕೂಡಿಕೊಳ್ಳಲು ಹೊರಟ ಮರಾಠಾ ಸೇನಾನಿ ಪರಶುರಾಮ ಭಾವು ಚಿಕ್ಕನಾಯಕನಹಳ್ಳಿಯನ್ನು ಸೂರೆ ಮಾಡಿದ. ದೊಡ್ಡವರ ಯುದ್ಧದಲ್ಲಿ ಲುಕ್ಸಾನಾದದ್ದು ವ್ಯಾಪಾರಿಗಳಿಗೆ, ನೇಕಾರರಿಗೆ, ತೋಟದವರಿಗೆ.

ಆದರೆ ಪಕ್ಕದ ಗುಬ್ಬಿ ಸೀಮೆಯ ಮೂಗನಾಯಕನಕೋಟೆಯಲ್ಲಿ ಬೇರೆಯೇ ಕಥೆ ನಡೆಯಿತು. ಬುಕನನ್ ಆ ಊರಿನಲ್ಲಿ ತಂಗಿದಾಗ ಜನ ಅವನಿಗೆ ತಮ್ಮ ಹೋರಾಟವನ್ನು ಹೇಳಿದರು. ಮರಾಠರ ದಂಡು ಫಿರಂಗಿಯೊಂದಿಗೆ ಬಂದು ಆ ಪುಟ್ಟ ಮಣ್ಣಿನ ಕೋಟೆಯನ್ನು ಎರಡು ತಿಂಗಳು ಮುತ್ತಿತು. ಒಳಗಿದ್ದವರು ಸಿಪಾಯಿಗಳಲ್ಲ, ರೈತರು. ಅವರ ಬಳಿ ಬಂದೂಕುಗಳು ಬೆರಳೆಣಿಕೆಯಷ್ಟು. ಮುಖ್ಯ ಆಯುಧ ಕವಣೆ! ಜೋಳದ ಹೊಲದಲ್ಲಿ ಅಟ್ಟಣೆಯ ಮೇಲೆ ನಿಂತು ಹಕ್ಕಿ ಓಡಿಸುವ ಅದೇ ಕವಣೆ. ಹೆಂಗಸರು ಮಕ್ಕಳೂ ಕಲ್ಲು ಹೊತ್ತು ತಂದು ಕೊಟ್ಟರು. ದಂಡು ಲಗ್ಗೆ ಹತ್ತಲು ಬಂದಾಗಲೆಲ್ಲ ಸೋತು ಹಿಂದಿರುಗಿತು. ಕೊನೆಗೆ ಮುತ್ತಿಗೆಯನ್ನೇ ಬಿಟ್ಟು ಹೋಯಿತು.

ಈ ರೈತರ ಹೆಸರುಗಳು ನಮಗೆ ತಿಳಿದಿಲ್ಲ. ಅವರಿಗೆ ಸ್ಮಾರಕವಿಲ್ಲ. ಸ್ಯಾನ್ ಫೆಲಿಪೆ ಕೋಟೆಯನ್ನು ಒಬ್ಬ ದೂರದ ರಾಜನ ವ್ಯಾಪಾರವನ್ನು ಕಾಯಲು ಕಟ್ಟಿದರು. ಮೂಗನಾಯಕನಕೋಟೆಯ ಮಣ್ಣಿನ ಗೋಡೆ ಕಾದದ್ದು ಒಂದು ಊರಿನ ಜನವನ್ನು. ಚರಿತ್ರೆಯ ಪುಸ್ತಕದಲ್ಲಿ ಯಾವುದಕ್ಕೆ ಹೆಚ್ಚು ಜಾಗ ಸಿಗಬೇಕು, ನೀವೇ ಯೋಚಿಸಿ.

ಎರಡು ಕಡೆಗೆ ಹರಿಯುವ ಮಳೆ

ಚಿಕ್ಕನಾಯಕನಹಳ್ಳಿಯ ಬೆಟ್ಟಗಳು ಈ ಸೀಮೆಯ ಅತ್ಯಂತ ಹಳೆಯ ಸ್ಮಾರಕಗಳು. ಭೂವಿಜ್ಞಾನಿಗಳು ಚಿತ್ರದುರ್ಗದ ಪದರಶಿಲೆಗಳ ಪಟ್ಟಿ ಎಂದು ಕರೆಯುವ ಶಿಲಾಸಾಲು ಇಲ್ಲಿ ಹಾದುಹೋಗುತ್ತದೆ. ಈ ಶಿಲೆಗಳ ವಯಸ್ಸು ಸುಮಾರು 260ರಿಂದ 270 ಕೋಟಿ ವರ್ಷ. ಕಬ್ಬಿಣದ ಅದಿರು, ಮ್ಯಾಂಗನೀಸ್, ಸುಣ್ಣಕಲ್ಲು ಇವುಗಳಲ್ಲಿವೆ.

ಈ ಎತ್ತರದ ನೆಲಕ್ಕೆ ಇನ್ನೊಂದು ವಿಶೇಷವಿದೆ. ದಕ್ಷಿಣದ ಕಡೆ ಬಿದ್ದ ಮಳೆ ಶಿಂಷಾ ನದಿಗೆ ಸೇರಿ ಕಾವೇರಿಗೆ ಹೋಗುತ್ತದೆ. ಉತ್ತರದ ಕಡೆ ಬಿದ್ದ ಮಳೆ ಸುವರ್ಣಮುಖಿಗೆ ಇಳಿದು, ವೇದಾವತಿ, ತುಂಗಭದ್ರೆಗಳ ಮೂಲಕ ಕೃಷ್ಣೆಗೆ ಹೋಗುತ್ತದೆ. ಒಂದೇ ಮೋಡದ ಎರಡು ಹನಿಗಳು ಇಲ್ಲಿ ಬೇರೆಯಾಗಿ, ಒಂದು ತಮಿಳುನಾಡಿನ ಕಡಲತೀರವನ್ನೂ ಇನ್ನೊಂದು ಆಂಧ್ರದ ಕಡಲತೀರವನ್ನೂ ಮುಟ್ಟುತ್ತವೆ. ಇದನ್ನು ನೋಡಲು ಟಿಕೆಟ್ ಬೇಕಿಲ್ಲ. ನಕ್ಷೆ ಇದ್ದರೆ ಸಾಕು.

ಸುವರ್ಣಮುಖಿಗೆ ಅಡ್ಡಲಾಗಿ ಎರಡು ಗುಡ್ಡಗಳ ನಡುವೆ ಬೋರನಕಣಿವೆ ಜಲಾಶಯವನ್ನು ಕಟ್ಟಿದ್ದಾರೆ. 1876-78ರ ಮಹಾಬರ ಮೈಸೂರು ಸಂಸ್ಥಾನವನ್ನು ನಡುಗಿಸಿತ್ತು. ಲಕ್ಷಾಂತರ ಜನ ಸತ್ತರು. ಆ ಬಳಿಕ ಸಂಸ್ಥಾನ ನೀರಾವರಿಗೆ ಗಮನ ಕೊಟ್ಟಿತು. ಚಾಮರಾಜೇಂದ್ರ ಒಡೆಯರು ಅರಸರಾಗಿದ್ದು, ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲದಲ್ಲಿ, 1892ರಲ್ಲಿ ಬೋರನಕಣಿವೆ ಪೂರ್ಣವಾಯಿತು. ಕನ್ನಂಬಾಡಿಗಿಂತ ಸುಮಾರು ನಾಲ್ಕು ದಶಕ ಹಿರಿಯದು. ತುರುವೇಕೆರೆ ಕಡೆಯ ಮಲ್ಲಾಘಟ್ಟದ ಕೆರೆಯನ್ನೂ ನೋಡಿ. ಸಂಜೆಯ ಹೊತ್ತಿನಲ್ಲಿ ಅದರ ಏರಿಯ ಮೇಲೆ ನಿಂತರೆ ಕೆರೆ, ತೋಟ, ಬಯಲು ಒಟ್ಟಿಗೆ ಕಾಣುತ್ತವೆ.

ಬೆಟ್ಟಗಳಿಗೂ ಕಷ್ಟ ಬಂತು. ಅದಿರಿಗಾಗಿ ಅವುಗಳನ್ನು ಅಗೆದರು. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಬಳ್ಳಾರಿಯ ನಂತರ ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲೂ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ತಡೆಯಿತು. ಆಮೇಲೆ ನಿಬಂಧನೆಗಳ ಮೇಲೆ ಕೆಲವು ಗಣಿಗಳಿಗೆ ಅವಕಾಶ ಕೊಟ್ಟರು. ಅದಿರಿನಿಂದ ಕೆಲಸ ಸಿಗುತ್ತದೆ, ದೇಶಕ್ಕೆ ಉಕ್ಕು ಸಿಗುತ್ತದೆ. ಆದರೆ ಮಳೆಯನ್ನು ಎರಡು ನದಿಗಳಿಗೆ ಹಂಚುವ ಬೆಟ್ಟವನ್ನು ಒಮ್ಮೆ ಕರಗಿಸಿದರೆ ಮತ್ತೆ ಕಟ್ಟಲು ಬರುವುದಿಲ್ಲ. ಗುಡಿಯ ಗೋಪುರವನ್ನು ಪುನಃ ಕಟ್ಟಬಹುದು. 260 ಕೋಟಿ ವರ್ಷದ ಕಲ್ಲನ್ನು ಯಾರು ತಂದುಕೊಡುತ್ತಾರೆ?

ಕೆರೆಯೆಂಬ ಸ್ಮಾರಕ

ಆರಂಭದ ಪ್ರಶ್ನೆಗೆ ಬರೋಣ. ಊರು ಉಳಿಯಿತು, ಹೇಗೆ?

ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಕೆಲವು ಪದಗಳನ್ನು ಗಮನಿಸಿ. ಕಟ್ಟುಗೊಡಗೆ: ಕೆರೆ ಕಟ್ಟಿದವನಿಗೆ ಕೊಟ್ಟ ಭೂಮಿ. ಬಿತ್ತುವಟ್ಟ: ಕೆರೆಯ ನಿರ್ವಹಣೆಗೆಂದು ಬಿಟ್ಟ ಗದ್ದೆ. ಕೆರೆಬಂಡಿ: ಹೂಳು ಸಾಗಿಸುವ ಗಾಡಿ, ಅದರ ಖರ್ಚಿಗೆ ಗೊತ್ತುಮಾಡಿದ ಆದಾಯ. ಕಟ್ಟುವುದಕ್ಕೆ ಮಾತ್ರವಲ್ಲ, ವರ್ಷವರ್ಷ ನೋಡಿಕೊಳ್ಳುವುದಕ್ಕೂ ನಮ್ಮ ಹಿರಿಯರು ಹಣದ ದಾರಿ ಮಾಡಿದ್ದರು. ನೀರನ್ನು ಸರದಿಯಂತೆ ಬಿಡಲು ನೀರಗಂಟಿ ಇದ್ದ. ಬೇಸಗೆಯಲ್ಲಿ ಹೂಳೆತ್ತಿ ತೋಟಕ್ಕೆ ಗೊಬ್ಬರವಾಗಿ ಹಾಕುತ್ತಿದ್ದರು. ಬರಗಾಲ ಇಲ್ಲಿಗೂ ಬಂತು, ದಂಡುಗಳೂ ಬಂದವು. ಆದರೆ ಏರಿ ಒಡೆದರೆ ಮತ್ತೆ ಕಟ್ಟುವ ಜನ, ಅದಕ್ಕೊಂದು ವ್ಯವಸ್ಥೆ ಇದ್ದವು. ಊರನ್ನು ಉಳಿಸಿದ್ದು ಈ ನೋಡಿಕೊಳ್ಳುವ ಗುಣ.

ಈ ಗುಣ ನಮ್ಮ ಕಾಲದಲ್ಲಿ ಸಡಿಲವಾಗಿದೆ. ಕೊಳವೆಬಾವಿ ಬಂದ ಮೇಲೆ ನೀರು ಪ್ರತಿಯೊಬ್ಬನ ಸ್ವಂತ ಸ್ವತ್ತಾಯಿತು. ಕೆರೆ ಯಾರದೂ ಅಲ್ಲದ ಜಾಗವಾಯಿತು. ಗೋರೂರಿನಲ್ಲಿ ಕಟ್ಟಿದ ಅಣೆಕಟ್ಟಿನಿಂದ ಹೇಮಾವತಿಯ ನೀರು ನಾಲೆಯಲ್ಲಿ ಈ ಸೀಮೆಗೆ ಬರುತ್ತದೆ. ಅದರಿಂದ ಉಪಕಾರವಾಗಿದೆ. ಆದರೆ ನಾಲೆಯ ನೀರನ್ನು ಹಿಡಿದಿಡಲು ಕೂಡ ಹೂಳಿಲ್ಲದ ಕೆರೆಯೇ ಬೇಕಲ್ಲವೇ? ಮಳೆ ಕೈಕೊಟ್ಟ ವರ್ಷಗಳಲ್ಲಿ ಸುಳಿ ಬಾಗಿ ಒಣಗಿದ ತೆಂಗಿನ ಮರಗಳನ್ನು ಕಂಡವರಿಗೆ ಟಿಕಾಲ್ ದೂರದ ಊರು ಎನಿಸುವುದಿಲ್ಲ.

ನೀವು ನೋಡಲು ಹೋಗುವಾಗ

ಒಂದು ನೋಟುಪುಸ್ತಕ, ಅಳತೆಯ ಟೇಪು, ದಿಕ್ಸೂಚಿ, ಸಾಧ್ಯವಾದರೆ ಕ್ಯಾಮೆರಾ ಇಟ್ಟುಕೊಳ್ಳಿ. ಗುಡಿಯ ಕಲ್ಲಿನ ಮೇಲೆ ಹೆಸರು ಗೀಚಬೇಡಿ. ಶಾಸನ ಚೆನ್ನಾಗಿ ಕಾಣಲೆಂದು ಸೀಮೆಸುಣ್ಣ, ಎಣ್ಣೆ, ಬಣ್ಣ ಯಾವುದನ್ನೂ ಬಳಿಯಬೇಡಿ. ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಅಕ್ಷರಗಳು ತಾವಾಗಿಯೇ ಎದ್ದು ಕಾಣುತ್ತವೆ.

ಈ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಸಂಗ್ರಹಿಸಿ 'ಎಪಿಗ್ರಾಫಿಯ ಕರ್ನಾಟಿಕ'ದ 12ನೆಯ ಸಂಪುಟವಾಗಿ 1904ರಲ್ಲಿ ಪ್ರಕಟಿಸಿದರು. ದೊಡ್ಡ ಗ್ರಂಥಾಲಯಗಳಲ್ಲಿ ಅದು ಸಿಗುತ್ತದೆ. ನಿಮ್ಮ ಊರಿನ ಹೆಸರು ಅದರಲ್ಲಿದೆಯೇ ಹುಡುಕಿ. ಇದ್ದರೆ, ಆ ಕಲ್ಲು ಹೇಳಿದ ಜಾಗದಲ್ಲೇ ಇದೆಯೇ ಹೋಗಿ ನೋಡಿ. ಹೊಲದ ಬದುವಿನಲ್ಲಿ ಬಿದ್ದಿರಬಹುದು, ಬಟ್ಟೆ ಒಗೆಯುವ ಕಲ್ಲಾಗಿರಬಹುದು. ಕಂಡರೆ ನಿಮ್ಮ ಅಧ್ಯಾಪಕರಿಗೆ ಹೇಳಿ, ಪುರಾತತ್ವ ಇಲಾಖೆಗೆ ಒಂದು ಪತ್ರ ಬರೆಯಿರಿ.

ಆಮೇಲೆ ಊರ ಕೆರೆಗೆ ಹೋಗಿ. ಏರಿಯ ಉದ್ದವನ್ನು ಹೆಜ್ಜೆಯಿಂದ ಅಳೆಯಿರಿ. ತೂಬು ಎಲ್ಲಿದೆ, ಕೋಡಿ ಯಾವ ಕಡೆ, ಕೋಡಿಯ ನೀರು ಮುಂದೆ ಯಾವ ಕೆರೆಗೆ ಹೋಗುತ್ತದೆ, ಹೂಳೆತ್ತಿದ್ದು ಯಾವ ವರ್ಷ, ಕೊನೆಯ ನೀರಗಂಟಿ ಯಾರಾಗಿದ್ದರು ಎಂದು ಊರಿನ ಅಜ್ಜ ಅಜ್ಜಿಯರನ್ನು ಕೇಳಿ ಬರೆದುಕೊಳ್ಳಿ. ಬುಕನನ್ 1800ರಲ್ಲಿ ಮಾಡಿದ್ದೂ ಇದೇ ಕೆಲಸ. ಅವನು ಹೊರಗಿನವನು, ದುಭಾಷಿಯ ಮೂಲಕ ಕೇಳಬೇಕಾಯಿತು. ನಿಮಗೆ ಆ ತೊಂದರೆ ಇಲ್ಲ. ಉತ್ತರ ಬಲ್ಲವರು ನಿಮ್ಮ ಮನೆಯ ಜಗಲಿಯ ಮೇಲೆಯೇ ಕುಳಿತಿರಬಹುದು. ಈ ಬೇಸಗೆ ರಜೆಯಲ್ಲೇ ಕೇಳಿ. ಅವರ ನೆನಪಿನಲ್ಲಿರುವುದು ಯಾವ ಸಂಪುಟದಲ್ಲೂ ಇನ್ನೂ ಅಚ್ಚಾಗಿಲ್ಲ.